ಉಪಸಚಿವರ ಒಂಬತ್ತು ಬಟ್ಟಲು ಕಹ್ವಾ

ಸಭೆ ಸೌಹಾರ್ದಯುತ ವಾತಾವರಣದಲ್ಲಿ ನಡೆಯಿತು ಎಂದು ನಾನು ಟೈಪ್ ಮಾಡಿದ್ದು ಸಭೆಗೆ ಮೂರು ದಿನ ಮೊದಲು. ಬರಬೇಕಾದವರು ಇನ್ನೂ ವಿಮಾನ ಹತ್ತಿರಲಿಲ್ಲ. ಹತ್ತಿದ ಮೇಲೆ ದಾರಿಯುದ್ದಕ್ಕೂ ಜಗಳವಾಡಿ ಮುಖ ಊದಿಸಿಕೊಂಡು ಇಳಿದರೂ ಆ ವಾಕ್ಯ ಬದಲಾಗುತ್ತಿರಲಿಲ್ಲ. ಉಭಯ ಕಡೆಯವರು ವಿಚಾರ ವಿನಿಮಯ ಮಾಡಿಕೊಂಡರು, ಸಹಕಾರದ ಹೊಸ ಸಾಧ್ಯತೆಗಳನ್ನು ಗುರುತಿಸಿದರು, ಜನರ ನಡುವಿನ ಸಂಪರ್ಕಕ್ಕೆ ವಿಶೇಷ ಒತ್ತು ಕೊಟ್ಟರು. ಎಲ್ಲವೂ ಆಗಿಹೋಗಿತ್ತು. ಇನ್ನು ಆಗಬೇಕಾಗಿದ್ದದ್ದು ಸಭೆಯೊಂದೇ.

ಸಲಾಲಾದಲ್ಲಿ ಸಭೆ, ಪ್ರದರ್ಶನ, ಉದ್ಘಾಟನೆಗಳನ್ನು ಏರ್ಪಡಿಸಿಕೊಡುವ ಒಂದು ಸಣ್ಣ ಕಂಪನಿಯಲ್ಲಿ ನಾನು ಹನ್ನೊಂದು ವರ್ಷದಿಂದ ಇದ್ದೇನೆ. ಕಾಗದ ಪತ್ರವೆಲ್ಲ ನನ್ನ ಜವಾಬ್ದಾರಿ. ನಾನು ಉಡುಪಿ ಕಡೆಯವಳು, ಗಂಡ ಮೈಸೂರಿನವರು, ಅವರಿಗೆ ಇಲ್ಲಿನ ಬಂದರಿನಲ್ಲಿ ಕಂಟೇನರುಗಳ ಲೆಕ್ಕ ಇಡುವ ಕೆಲಸ. ಊರಿನಲ್ಲಿ ಯಾರಾದರೂ ನಿನಗೆ ಒಮಾನಿನಲ್ಲಿ ಏನು ಕೆಲಸ ಎಂದು ಕೇಳಿದರೆ "ದೇಶ ದೇಶಗಳ ನಡುವೆ ಸ್ನೇಹ ಬೆಳೆಸುವ ಕೆಲಸ" ಎನ್ನುತ್ತೇನೆ. ಅರ್ಧ ತಮಾಷೆಗೆ ಹೇಳುವುದು. ಇನ್ನರ್ಧ ಜಂಬ ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಆ ವರ್ಷದ ಸ್ನೇಹ ಆಗ್ನೇಯ ಏಷ್ಯಾದ ದೇಶಗಳಿಗೂ ಗಲ್ಫಿಗೂ ನಡುವಿನದ್ದಾಗಿತ್ತು. ದೊಡ್ಡ ಸಭೆಗಳು ದೊಡ್ಡ ಊರುಗಳಲ್ಲಿ ನಡೆದು, ಅವು ಉಪಸಮಿತಿಗಳನ್ನು ಹೆತ್ತು, ಆ ಉಪಸಮಿತಿಗಳು ಮರಿ ಹಾಕಿ, ಕೊನೆಗೆ ನಮ್ಮ ಪಾಲಿಗೆ ಬಂದದ್ದು ತೆಂಗು. ಇಡೀ ಗಲ್ಫಿನಲ್ಲಿ ತೆಂಗಿನ ತೋಟ ಅಂತ ಇರುವುದು ಸಲಾಲಾದಲ್ಲಿ. ಆದ್ದರಿಂದ ತೆಂಗಿನ ವಿಷಯದ ಆರ್ಥಿಕ ಸಹಕಾರ ಇಲ್ಲಿಯೇ ನಡೆಯತಕ್ಕದ್ದು ಎಂದು ಯಾರೋ ತೀರ್ಮಾನಿಸಿದ್ದರು. ಮನೆಯ ಹಿಂದೆ, ಮುಂದೆ, ಕಡಲ ದಂಡೆಯಲ್ಲಿ, ದ್ವೀಪದ ಮೇಲೆ ಎಲ್ಲೆಲ್ಲೂ ತೆಂಗೇ ಇರುವ ದೇಶಗಳ ಅಧಿಕಾರಿಗಳು ಸಮುದ್ರ ದಾಟಿ ಬಂದು ನಮ್ಮ ರಸ್ತೆ ಬದಿಯ ತೆಂಗಿನ ಮರಗಳನ್ನು ನೋಡಿ ಹೋಗುವ ಏರ್ಪಾಡು.

"ಅಲ್ಲಾ ಕಣೇ, ಅವರಿಗೆ ತೆಂಗಿನ್ಮರ ತೋರ್ಸೋಕೆ ಇಲ್ಲಿಗೆ ಕರೆಸ್ಬೇಕಾಗಿತ್ತಾ?" ಎಂದು ನನ್ನ ಗಂಡ ಊಟಕ್ಕೆ ಕೂತಾಗ ಕೇಳಿದರು. "ಉಡುಪಿಯವರಿಗೆ ಮಸಾಲೆ ದೋಸೆ ಹೇಗಿರುತ್ತೆ ಅಂತ ತೋರ್ಸಿದ ಹಾಗಾಯ್ತು."

"ಅದಕ್ಕೆ ನಾಲೆಡ್ಜ್ ಶೇರಿಂಗ್ ಅಂತ ಹೇಳುದು" ಎಂದೆ ನಾನು.

"ಸಾರು ಬಡಿಸು" ಎಂದರು.

ನಮ್ಮ ಮ್ಯಾನೇಜರ್ ಮಂಗಳೂರಿನ ಕೊಂಕಣಿ ಕ್ರೈಸ್ತರು. ಒಮಾನಿಗೆ ಬಂದು ಇಪ್ಪತ್ತೈದು ವರ್ಷ ದಾಟಿದೆ. ನಡಿಗೆ, ಕೈಸನ್ನೆ, ಉಸಿರುಬಿಡುವ ರೀತಿ ಎಲ್ಲವೂ ಒಮಾನಿಯಾಗಿ, ಕನ್ನಡ ಮಾತ್ರ ಕಂಕನಾಡಿಯದ್ದೇ ಉಳಿದಿದೆ. ಒಳ್ಳೆಯ ಮನುಷ್ಯ. ಅವರಿಗೆ ಪ್ರೋಟೋಕಾಲ್ ಎಂಬ ಒಂದು ಕಾಯಿಲೆ ಬಿಟ್ಟರೆ ಬೇರೆ ಯಾವ ಕೆಟ್ಟ ಚಟವೂ ಇಲ್ಲ.

ಇನ್ನು ನಮ್ಮ ಕಾಫಿಯವಳು. ಅವಳು ಆಗ್ನೇಯ ಏಷ್ಯಾದ ಒಂದು ದ್ವೀಪದವಳು. ದೇಶದ ಹೆಸರು ಬರೆಯುವುದಿಲ್ಲ, ಬರೆದರೆ ಅದಕ್ಕೊಂದು ಸ್ಪಷ್ಟೀಕರಣ ಸಭೆ ಕರೆದು ನನ್ನಿಂದಲೇ ಹೇಳಿಕೆ ಟೈಪ್ ಮಾಡಿಸುತ್ತಾರೆ. ಆರು ವರ್ಷದ ಹಿಂದೆ ನಮ್ಮ ಆಫೀಸಿಗೆ ಬಂದಳು. ಎರಡು ವರ್ಷದ ಮಗಳನ್ನು ಅಮ್ಮನ ಮಡಿಲಲ್ಲಿ ಬಿಟ್ಟು ಬಂದಿದ್ದಳು. ಚಿಕ್ಕ ಆಳು, ಬಿಗಿಯಾಗಿ ಕಟ್ಟಿದ ತಲೆವಸ್ತ್ರ, ನಡೆದರೆ ಸದ್ದಿಲ್ಲ. ನಮ್ಮಿಬ್ಬರ ಮಾತು ಅರೆ ಅರಬ್ಬಿ, ಅರೆ ಹಿಂದಿ, ಉಳಿದದ್ದು ಕೈಬಾಯಿ. ಇಲ್ಲಿ ಅದನ್ನು ಕನ್ನಡದಲ್ಲಿಯೇ ಬರೆಯುತ್ತೇನೆ.

ಅವಳ ಕಷ್ಟ ಆಫೀಸಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಅವಳನ್ನು ಕಳುಹಿಸಿದ ಏಜೆಂಟನು ಪಾಸ್‌ಪೋರ್ಟಿನಲ್ಲಿ ವಯಸ್ಸನ್ನು ಏಳು ವರ್ಷ ಹೆಚ್ಚು ಬರೆಸಿದ್ದ. ಚಿಕ್ಕ ವಯಸ್ಸಿನ ಹೆಂಗಸರನ್ನು ಕಳುಹಿಸಲು ಅವರಲ್ಲಿ ಕಾನೂನು ಬಿಡುವುದಿಲ್ಲವಂತೆ. ಎರಡು ವರ್ಷದ ಹಿಂದೆ ಪಾಸ್‌ಪೋರ್ಟ್ ನವೀಕರಿಸಲು ಕೊಟ್ಟಾಗ ಹುಟ್ಟಿದ ದಿನ ತಾಳೆಯಾಗಲಿಲ್ಲ. ಪಾಸ್‌ಪೋರ್ಟ್ ಮಸ್ಕತ್‌ನಲ್ಲಿರುವ ಅವಳ ದೇಶದ ಕಚೇರಿಯ ಯಾವುದೋ ಕಪಾಟಿನಲ್ಲಿ ಉಳಿಯಿತು, ಅವಳ ಕೈಯಲ್ಲಿ ಒಂದು ರಸೀದಿ ಉಳಿಯಿತು. ರಸೀದಿ ತೋರಿಸಿದರೆ ವಿಮಾನ ಹತ್ತಿಸುವುದಿಲ್ಲ. ಕಳೆದ ವರ್ಷ ಅವಳ ಅಮ್ಮ ತೀರಿಕೊಂಡಾಗಲೂ ಹೋಗಲಾಗಲಿಲ್ಲ. ಮಣ್ಣು ಮಾಡುವುದನ್ನು ಫೋನಿನಲ್ಲಿ ನೋಡಿದಳು. ನಾವೆಲ್ಲ ಪ್ಯಾಂಟ್ರಿಗೆ ಹೋಗಿ ಸಂತಾಪ ಹೇಳಿದೆವು. ಸಂತಾಪ ಹೇಳಲು ಬಂದವರಿಗೆಲ್ಲ ಅವಳೇ ಚಹಾ ಮಾಡಿಕೊಟ್ಟಳು, ನಾವು ಕುಡಿದೆವು.

ಮಗಳೀಗ ಚಿಕ್ಕಮ್ಮನ ಮನೆಯಲ್ಲಿದ್ದಳು. ಎಂಟು ವರ್ಷ. ಫೋನಿನಲ್ಲಿ ಅಮ್ಮನನ್ನು ಕಂಡರೆ ಚಿಕ್ಕಮ್ಮನ ಬೆನ್ನ ಹಿಂದೆ ಅವಿತುಕೊಳ್ಳುತ್ತಿದ್ದಳು. "ಇನ್ನೂ ಎರಡು ವರ್ಷ ಹೋದರೆ ಅವಿತುಕೊಳ್ಳುವುದೂ ಇಲ್ಲ ಮದಾಮ್, ಎದ್ದು ಆಟಕ್ಕೆ ಹೋಗಿಬಿಡುತ್ತಾಳೆ" ಎಂದು ಅವಳು ಒಮ್ಮೆ ನನಗೆ ಹೇಳಿದಳು. ನನಗೆ ಅವಳ ದೇಶದವರ ಮೇಲೆ ಸಿಟ್ಟು ಬಂತು. ಸಹಕಾರ, ಸಂಪರ್ಕ ಎಂದು ಊರೂರು ತಿರುಗುವ ಇವರಿಗೆ ಒಬ್ಬ ಹೆಂಗಸಿನ ಹುಟ್ಟಿದ ದಿನ ತಿದ್ದಲು ಎರಡು ವರ್ಷ ಬೇಕೇ ಎಂದು ಗಂಡನ ಮುಂದೆ ಕೂಗಾಡಿದೆ. ಅವರು ಪಾಪ, ಆ ದೇಶದ ಪರವಾಗಿ ತಲೆ ತಗ್ಗಿಸಿ ಕೂತರು.

ಬರುವವರ ಪಟ್ಟಿ ಬಂದಾಗ ಅದರಲ್ಲಿ ಅವಳ ದೇಶದ ಉಪಸಚಿವರ ಹೆಸರಿತ್ತು. ಅವಳಿಗೆ ಹೇಳಿದವಳು ನಾನೇ. ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ಅವಳು ಮೆಲ್ಲಗೆ ಮಡಚಿ ಇಟ್ಟಳು.

"ಮದಾಮ್, ನಾನು ಅವರ ಹತ್ತಿರ ಐದು ನಿಮಿಷ ಮಾತಾಡಬಹುದೇ?"

ನಾನು ನೇರ ಮ್ಯಾನೇಜರ್ ಬಳಿ ಹೋದೆ. "ಸರ್, ನಮ್ಮ ಕಾಫಿಯವಳಿಗೆ ಅವಳ ಊರಿನ ಉಪಸಚಿವರ ಹತ್ರ ಎರಡು ಮಾತಾಡ್ಲಿಕ್ಕೆ ಉಂಟಂತೆ. ಪಾಸ್‌ಪೋರ್ಟಿನ ವಿಷಯ."

ಅವರು ಕನ್ನಡಕ ತೆಗೆದರು. "ಯಾವ ಐಟಮಿನ ಅಡಿಯಲ್ಲಿ?"

"ಐಟಮ್ ಎಂತ ಸರ್, ಹಾಗೇ."

"ಹಾಗೇ ಆಗುದಿಲ್ಲ ಮಾರಾಯ್ರೆ. ಇವತ್ತು ಅವಳಿಗೆ ಮಾತಾಡ್ಲಿಕ್ಕೆ ಉಂಟು, ನಾಳೆ ಡ್ರೈವರಿಗೆ ಉಂಟು, ನಾಡಿದ್ದು ತೋಟದವನಿಗೆ ಉಂಟು. ಮತ್ತೆ ತೆಂಗಿನ ವಿಷಯ ಮಾತಾಡುದು ಯಾವಾಗ?"

"ಜನರ ನಡುವಿನ ಸಂಪರ್ಕಕ್ಕೆ ಒತ್ತು ಕೊಟ್ಟರು ಅಂತ ಹೇಳಿಕೆಯಲ್ಲಿ ಉಂಟಲ್ಲ ಸರ್?"

"ಅದು ಹೇಳಿಕೆಯಲ್ಲಿ ಇರುದು" ಎಂದು ಅವರು ತಾಳ್ಮೆಯಿಂದ ವಿವರಿಸಿದರು. "ಖಲಾಸ್. ಕಾರ್ಡ್ ತೋರ್ಸಿ ನೋಡುವ."

ಕಾರ್ಡ್ ಎಂದರೆ ಅತಿಥಿಗಳ ಕೈಗೆ ಕೊಡುವ ಸೂಚನಾ ಪತ್ರ. ಇಲ್ಲಿನ ರೀತಿ ರಿವಾಜುಗಳನ್ನು ನಾನು ಹದಿನಾಲ್ಕು ಸಾಲಿನಲ್ಲಿ ಬರೆದಿದ್ದೆ: ಬಲಗೈಯಿಂದ ತೆಗೆದುಕೊಳ್ಳಿ, ಅಂಗಾಲು ಯಾರ ಕಡೆಗೂ ತಿರುಗಿಸಬೇಡಿ, ಕೇಳದೆ ಫೋಟೊ ತೆಗೆಯಬೇಡಿ ಇತ್ಯಾದಿ. ಆದರೆ ಎಲ್ಲ ದೇಶಗಳ ಧ್ವಜಗಳೂ ಒಂದೇ ಅಳತೆಯಲ್ಲಿ ಬರಬೇಕಿತ್ತು, ಒಂದು ಕೂದಲೆಳೆಯಷ್ಟು ಹೆಚ್ಚು ಕಡಿಮೆಯಾದರೂ ರಾಜತಾಂತ್ರಿಕ ಬಿಕ್ಕಟ್ಟು. ಧ್ವಜಗಳು ಕಾರ್ಡಿನ ಮುಕ್ಕಾಲು ಭಾಗ ತಿಂದವು. ಉಳಿದ ಜಾಗದಲ್ಲಿ ಐದು ಸಾಲು ಹಿಡಿಯಬಹುದಿತ್ತು. ಮ್ಯಾನೇಜರ್ ಪೆನ್ನು ಹಿಡಿದು ಒಂಬತ್ತು ಸಾಲು ಹೊಡೆದು ಹಾಕಿದರು. ಅದರಲ್ಲಿ ಹನ್ನೆರಡನೆಯದು ಹೀಗಿತ್ತು: ಕಹ್ವಾ ಸಾಕೆನಿಸಿದಾಗ ಬಟ್ಟಲನ್ನು ಮೆಲ್ಲಗೆ ಅಲ್ಲಾಡಿಸಿ ಹಿಂದಿರುಗಿಸಿ.

"ಇದು ಎಂತಕ್ಕೆ? ಎಲ್ಲರಿಗೂ ಗೊತ್ತುಂಟಲ್ಲ" ಎಂದರು.

ಇಪ್ಪತ್ತೈದು ವರ್ಷ ಇಲ್ಲಿದ್ದವರು ಮಾತ್ರ ಮಾಡಬಹುದಾದ ತಪ್ಪು ಅದು. ಒಮಾನಿನಲ್ಲಿ ಕಹ್ವಾವನ್ನು, ಅಂದರೆ ಏಲಕ್ಕಿ ಹಾಕಿದ ಹಾಲಿಲ್ಲದ ಕಾಫಿಯನ್ನು, ಹಿಡಿಯಿಲ್ಲದ ಪುಟ್ಟ ಬಟ್ಟಲಿನಲ್ಲಿ ಎರಡು ಗುಟುಕಿನಷ್ಟು ಸುರಿದು ಕೊಡುತ್ತಾರೆ. ಕುಡಿದು ಮುಗಿಸಿ ಬಟ್ಟಲು ಚಾಚಿದರೆ ಮತ್ತೆ ಸುರಿಯುತ್ತಾರೆ. ಸಾಕು ಎಂದು ಬಾಯಲ್ಲಿ ಹೇಳುವುದಿಲ್ಲ, ಬಟ್ಟಲು ಅಲ್ಲಾಡಿಸಬೇಕು. ಅಲ್ಲಾಡಿಸುವ ತನಕ ಸುರಿಯುವವರು ಎದುರಿನಿಂದ ಕದಲುವ ಹಾಗಿಲ್ಲ. ಮ್ಯಾನೇಜರರಿಗೆ ಇದು ಉಸಿರಾಟದಷ್ಟು ಸಹಜವಾಗಿತ್ತು. ಹೊರಗಿನವರಿಗೆ ಗೊತ್ತಿರುವುದಿಲ್ಲ ಎಂಬುದೇ ಅವರಿಗೆ ಮರೆತುಹೋಗಿತ್ತು.

ನನಗೆ ಮರೆತಿರಲಿಲ್ಲ. ಆ ಸಾಲು ಇರಲಿ ಸರ್ ಎನ್ನಲು ಬಾಯಿ ತೆರೆದೆ. ಆಗ ಒಂದು ಯೋಚನೆ ಬಂತು, ಬಾಯಿ ಮುಚ್ಚಿದೆ. ಕಾರ್ಡನ್ನು ಐದು ಸಾಲಿನಲ್ಲೇ ಅಚ್ಚಿಗೆ ಕಳುಹಿಸಿದೆ.

ಮಳೆಗಾಲದ ಖರೀಫ್ ದಿನಗಳವು. ಇಡೀ ಗಲ್ಫು ನಮ್ಮ ತುಂತುರು ಮಳೆ ನೋಡಲು ಕಾರು ಹತ್ತಿ ಬಂದಿರುತ್ತದೆ. ಕಠಾರಿ ಸಿಕ್ಕಿಸಿಕೊಂಡು ಗತ್ತಿನಿಂದ ಕಹ್ವಾ ಸುರಿಯುವ ಗಂಡಸರೆಲ್ಲ ಹೋಟೆಲುಗಳಿಗೂ ಮದುವೆಗಳಿಗೂ ಮೊದಲೇ ಬುಕ್ ಆಗಿದ್ದರು. ನಮಗೆ ಒಬ್ಬನೂ ಸಿಗಲಿಲ್ಲ, ಸಿಗುವುದಿಲ್ಲ ಎಂದು ನನಗೆ ಮೊದಲೇ ಗೊತ್ತಿತ್ತು. ಕೊನೆಗೆ ನಮ್ಮ ಕಂಪನಿಯ ಒಡೆಯರಾದ ಒಮಾನಿ ಹಿರಿಯರು, "ನಮ್ಮವಳೇ ಸುರಿಯಲಿ, ಆರು ವರ್ಷದಿಂದ ನನ್ನ ಅತಿಥಿಗಳಿಗೆ ಅವಳೇ ಸುರಿಯುತ್ತಿಲ್ಲವೇ?" ಎಂದರು. ಮ್ಯಾನೇಜರ್ ಮುಖ ಸಣ್ಣದು ಮಾಡಿಕೊಂಡು ಒಪ್ಪಿದರು. ಒಡೆಯರ ಮಾತಿನ ಮುಂದೆ ಪ್ರೋಟೋಕಾಲೂ ಇಲ್ಲ.

ಮೊದಲ ದಿನ ತೋಟ ತೋರಿಸುವುದು. ಮಂಜು ಮುಸುಕಿ ಹತ್ತು ಅಡಿ ಮುಂದಿನ ಮರ ಕಾಣುತ್ತಿರಲಿಲ್ಲ. ಅತಿಥಿಗಳು ಕೊಡೆ ಹಿಡಿದು, ಸೂಟು ಬೂಟು ಕೆಸರು ಮಾಡಿಕೊಂಡು, ಕಾಣದ ತೆಂಗಿನ ಮರಗಳ ಫೋಟೊ ತೆಗೆದರು. ನಮ್ಮ ಕಡೆಯ ಒಬ್ಬ ತಜ್ಞರು ತೆಂಗಿನ ಉಪಯೋಗಗಳನ್ನು ವಿವರಿಸಿದರು: ಕಾಯಿಂದ ಎಣ್ಣೆ, ಸಿಪ್ಪೆಯಿಂದ ಹಗ್ಗ, ಗರಿಯಿಂದ ಪೊರಕೆ. ಎಲ್ಲರೂ ಬಹಳ ಹೊಸ ವಿಷಯ ಕೇಳಿದವರ ಹಾಗೆ ಬರೆದುಕೊಂಡರು. ನಾನು ಪೊರಕೆಯಲ್ಲಿ ಅಂಗಳ ಗುಡಿಸುತ್ತಲೇ ದೊಡ್ಡವಳಾದವಳು, ನಾನೂ ಬರೆದುಕೊಂಡೆ. ವಯಸ್ಸಾದ ಒಬ್ಬ ಅತಿಥಿ ಮಾತ್ರ ಮರವೊಂದರ ಸುಳಿಯನ್ನೇ ದಿಟ್ಟಿಸಿ ನೋಡಿ, "ಇದಕ್ಕೆ ದುಂಬಿ ಕೊರೆದಿದೆ, ಈಗಲೇ ಮದ್ದು ಮಾಡದಿದ್ದರೆ ಪಕ್ಕದವೂ ಹೋಗುತ್ತವೆ" ಎಂದರು. ನಮ್ಮ ಊರಿನ ಕುರುವಾಯಿ ಹುಳವೇ. ಎರಡು ದಿನದಲ್ಲಿ ಯಾರಾದರೂ ಹೇಳಿದ ಉಪಯೋಗದ ಮಾತೆಂದರೆ ಅದೊಂದೇ. ಅಜೆಂಡಾದಲ್ಲಿ ಇಲ್ಲದ್ದರಿಂದ ಅದು ನಡಾವಳಿಯಲ್ಲಿ ಸೇರಲಿಲ್ಲ.

ಎರಡನೆಯ ದಿನ ನಮ್ಮ ಆಫೀಸಿನ ಸಭಾಂಗಣದಲ್ಲಿ ಸಭೆ. ಬೆಳಿಗ್ಗೆ ನಾನು ಪ್ಯಾಂಟ್ರಿಗೆ ಹೋದೆ. ಅವಳು ಉದ್ದ ಮೂತಿಯ ಹೂಜಿಯನ್ನು ಉಜ್ಜಿ ಹೊಳಪಿಸುತ್ತಿದ್ದಳು. ತನ್ನ ರಸೀದಿಯ ನಕಲನ್ನು ಮಡಚಿ ಅಂಗಿಯ ತೋಳಿನೊಳಗೆ ಇಟ್ಟುಕೊಂಡಿದ್ದು ಕಾಣುತ್ತಿತ್ತು.

"ಬಟ್ಟಲು ಅಲ್ಲಾಡಿಸಬೇಕು ಅಂತ ಅವರಿಗೆ ಯಾರೂ ಹೇಳಿಲ್ಲ" ಎಂದೆ.

ಅವಳು ನನ್ನನ್ನು ನೋಡಿದಳು. ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆಮೇಲೆ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಅಮ್ಮ ತೀರಿಕೊಂಡ ಮೇಲೆ ಅವಳು ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಹಾಗೆ ಕೆಲಸ ಮಾಡಿದ್ದೇನೆ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಸಭೆ ಶುರುವಾಯಿತು. ಪರದೆಯ ಮೇಲೆ ಬಾಣಗಳು ಒಂದು ಖಂಡದಿಂದ ಇನ್ನೊಂದಕ್ಕೆ ಹಾರತೊಡಗಿದವು. ಅವಳು ಬಲಗಡೆಯಿಂದ ಸುರಿಯುತ್ತ ಬಂದಳು. ಎಡಗೈಯಲ್ಲಿ ಹೂಜಿ, ಬಲಗೈಯಲ್ಲಿ ಬಟ್ಟಲುಗಳು. ಮೊದಲ ಅತಿಥಿ ಎರಡು ಬಟ್ಟಲು ಕುಡಿದು, ಮೂರನೆಯದಕ್ಕೆ ಬೇಡ ಬೇಡ ಎಂದು ನಗುತ್ತ ಬಟ್ಟಲನ್ನು ಮೇಜಿನ ಮೇಲಿಟ್ಟರು. ಅವಳು ಮೇಜಿನ ಮೇಲೆಯೇ ತುಂಬಿದಳು. ಎರಡನೆಯವರು ಅಂಗೈ ಅಡ್ಡ ಹಿಡಿದು ಪಾರಾದರು. ದುಂಬಿ ಕಂಡುಹಿಡಿದ ಹಿರಿಯರು ನಾಲ್ಕನೆಯ ಬಟ್ಟಲನ್ನು ಪಕ್ಕದ ಹೂಕುಂಡಕ್ಕೆ ಎರೆದದ್ದನ್ನು ನಾನು ಕಣ್ಣಾರೆ ಕಂಡೆ.

ಆಮೇಲೆ ಅವಳು ಉಪಸಚಿವರ ಮುಂದೆ ನಿಂತಳು. ದಪ್ಪಗಿನ, ಬಿಳಿಗೂದಲಿನ, ಸುಸ್ತಾದ ಮುಖದ ಮನುಷ್ಯ. ಮೊದಲ ಬಟ್ಟಲು ಕೊಡುತ್ತ ಅವಳು ತಮ್ಮ ಭಾಷೆಯಲ್ಲಿ ನಮಸ್ಕಾರ ಹೇಳಿರಬೇಕು. ಅವರು ಥಟ್ಟನೆ ತಲೆಯೆತ್ತಿದರು. ಎರಡನೆಯದಕ್ಕೆ ಏನೋ ಕೇಳಿದರು, ಬಹುಶಃ ಯಾವ ಊರು ಎಂದು. ಅವಳು ಹೇಳಿದಳು. ಕೊಟ್ಟದ್ದನ್ನು ಬೇಡವೆನ್ನುವುದು ಅವರಲ್ಲಿಯೂ ಮರ್ಯಾದೆಯಲ್ಲ. ಅವರು ಕುಡಿದು ಬಟ್ಟಲು ಚಾಚುತ್ತ ಹೋದರು, ಅವಳು ಒಂದೊಂದು ಬಟ್ಟಲಿಗೆ ಒಂದೊಂದು ವಾಕ್ಯ ಸೇರಿಸುತ್ತ ಹೋದಳು. ದೂರದಲ್ಲಿದ್ದ ನನಗೆ ಮಾತು ಕೇಳಿಸುತ್ತಿರಲಿಲ್ಲ, ತಿಳಿಯುವ ಭಾಷೆಯೂ ಅಲ್ಲ. ಆದರೆ ಏಜೆಂಟನು ಯಾವ ಬಟ್ಟಲಿಗೆ ಬಂದ, ಅಮ್ಮ ಯಾವ ಬಟ್ಟಲಿಗೆ ತೀರಿಕೊಂಡಳು ಎಂದು ಅವರ ಮುಖ ನೋಡಿಯೇ ತಿಳಿಯುತ್ತಿತ್ತು. ಐದನೆಯದಾಗುವಾಗ ಅವರ ಹಣೆಯ ಮೇಲೆ ಬೆವರು ಮೂಡಿತ್ತು.

ಕಂಬದ ಹಿಂದಿನಿಂದ ಮ್ಯಾನೇಜರ್ ನನಗೆ ಹುಬ್ಬು, ಕೈ, ಕೊನೆಗೆ ಇಡೀ ಮೈ ಬಳಸಿ ಸನ್ನೆ ಮಾಡುತ್ತಿದ್ದರು. ನಾನು ಪರದೆಯ ಮೇಲಿನ ಬಾಣಗಳನ್ನು ಭಕ್ತಿಯಿಂದ ನೋಡುತ್ತಿದ್ದೆ.

ಉಪಸಚಿವರ ಪಕ್ಕದಲ್ಲಿ ನಮ್ಮ ಒಡೆಯರು ಕೂತಿದ್ದರು. ಅತಿಥಿಯ ಕಷ್ಟ ನೋಡಲಾಗದೆ ಏಳನೆಯ ಬಟ್ಟಲಿಗೆ ಅವರು ತಮ್ಮ ಬಟ್ಟಲನ್ನು ಎತ್ತಿ, ಏನೂ ಹೇಳದೆ, ಎಡಕ್ಕೂ ಬಲಕ್ಕೂ ಮೆಲ್ಲಗೆ ಅಲ್ಲಾಡಿಸಿ ತೋರಿಸಿದರು. ಉಪಸಚಿವರು ಅದನ್ನು ನೋಡಿದರು. ಅರ್ಥವಾಯಿತು ಎಂದು ತಲೆಯಾಡಿಸಿದರು. ನನ್ನ ಉಪಾಯ ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಅವಳೂ ಹಾಗೆಯೇ ತಿಳಿದಳೆಂದು ಕಾಣುತ್ತದೆ, ಹೂಜಿ ಹಿಂದಕ್ಕೆ ತೆಗೆದಳು. ಅವರು ಬಟ್ಟಲನ್ನು ಅಲ್ಲಾಡಿಸಲಿಲ್ಲ. ಮತ್ತೆ ಅವಳ ಮುಂದೆ ಚಾಚಿ, ಹೇಳು ಎನ್ನುವ ಹಾಗೆ ನೋಡಿದರು.

ಎಂಟು. ಒಂಬತ್ತು. ನನಗೆ ಕಣ್ಣು ತುಂಬಿ ಬಂತು. ದೇಶ ದೇಶಗಳ ಸ್ನೇಹವನ್ನು ಹನ್ನೊಂದು ವರ್ಷದಿಂದ ಟೈಪ್ ಮಾಡಿದ್ದೇನೆ, ಕಣ್ಣಿಂದ ಕಂಡದ್ದು ಆವತ್ತೇ. ಒಂಬತ್ತನೆಯದನ್ನು ಮುಗಿಸಿ ಅವರು ಬಟ್ಟಲು ಅಲ್ಲಾಡಿಸಿದರು, ಅವಳ ತೋಳಿನಿಂದ ಹೊರಬಂದ ನಕಲನ್ನು ತೆಗೆದುಕೊಂಡು ಹಿಂದೆ ಕೂತಿದ್ದ ತಮ್ಮ ಕಾರ್ಯದರ್ಶಿಗೆ ಕೊಟ್ಟರು. ಕಾರ್ಯದರ್ಶಿ ಫೋನ್ ಹಿಡಿದು ಹೊರಗೆ ಹೋದರು.

ಸಭೆ ಮುಗಿದು ಎಲ್ಲರೂ ಗುಂಪು ಫೋಟೊಗೆ ನಿಂತಿದ್ದಾಗ ಆ ಕಾರ್ಯದರ್ಶಿ ನನ್ನನ್ನು ಹುಡುಕಿಕೊಂಡು ಬಂದರು. ಚುರುಕಿನ ಹುಡುಗಿ, ಇಂಗ್ಲಿಷ್ ಸೊಗಸಾಗಿತ್ತು.

"ಮಸ್ಕತ್‌ನ ನಮ್ಮ ಕಚೇರಿಯಲ್ಲಿ ವಿಚಾರಿಸಿದೆ. ಊರಿನಿಂದ ಜನನ ಪತ್ರ ಬಂದಾಗಿದೆ, ತಿದ್ದುಪಡಿಗೆ ಒಪ್ಪಿಗೆಯೂ ಆಗಿದೆ. ಒಂದೇ ಒಂದು ಕಾಗದ ಇಲ್ಲ. ಈ ಫೋಟೊದಲ್ಲಿರುವವರು ನಿಮ್ಮಲ್ಲಿ ಕೆಲಸಕ್ಕಿದ್ದಾರೆ ಎಂದು ನಿಮ್ಮ ಕಂಪನಿಯ ಪತ್ರ. ಎರಡು ವರ್ಷದ ಹಿಂದೆಯೇ ಕೇಳಿದ್ದಾರಂತೆ. ನಿಮ್ಮ ಕಂಪನಿಯಲ್ಲಿ ಅಂಥ ಪತ್ರ ಕೊಡುವುದು ಯಾರು?"

"ನಾನೇ" ಎಂದೆ.

ಪ್ಯಾಂಟ್ರಿಯಲ್ಲಿ ಅವಳು ಬಟ್ಟಲು ತೊಳೆಯುತ್ತಿದ್ದಳು. "ಪತ್ರ ಬೇಕು ಅಂತ ನನ್ನನ್ನು ಯಾಕೆ ಕೇಳಲಿಲ್ಲ?" ಎಂದೆ. ದನಿಯಲ್ಲಿ ಸಿಟ್ಟಿತ್ತು. ತಪ್ಪು ನಮ್ಮದೆಂದು ಗೊತ್ತಾಗುವಾಗ ಬರುವ ಸಿಟ್ಟು.

"ಕೇಳಿದ್ದೆ ಮದಾಮ್" ಎಂದಳು. ಅವಳ ದನಿಯಲ್ಲಿ ಏನೂ ಇರಲಿಲ್ಲ. "ಎರಡು ಸಲ. ಮೊದಲನೇ ಸಲ ನೀವು, ಈ ಪ್ರದರ್ಶನ ಮುಗಿಯಲಿ ಎಂದಿರಿ. ಎರಡನೇ ಸಲ ನೀವು ಊರಿಗೆ ರಜೆಯಲ್ಲಿ ಹೊರಟಿದ್ದಿರಿ. ಬಂದ ಮೇಲೆ ಮಾಡಿಕೊಡುತ್ತೇನೆ ಎಂದಿರಿ. ಬಂದು ನನಗೆ ಬಾಳೆಹಣ್ಣಿನ ಹಲ್ವ ಕೊಟ್ಟಿರಿ."

"ನೆನಪು ಮಾಡಬಹುದಿತ್ತಲ್ಲ?"

"ಹಲ್ವ ಕೊಟ್ಟವರನ್ನು ಮತ್ತೆ ಹೇಗೆ ಕೇಳುವುದು ಮದಾಮ್?"

ನನಗೆ ಆ ಎರಡು ಸಲಗಳಲ್ಲಿ ಒಂದೂ ನೆನಪಾಗಲಿಲ್ಲ. ಈಗಲೂ ಆಗಿಲ್ಲ. ಹಲ್ವ ಮಾತ್ರ ಚೆನ್ನಾಗಿ ನೆನಪಿದೆ, ಎರಡು ಡಬ್ಬಿ ತಂದಿದ್ದೆ.

ಮೇಜಿಗೆ ಬಂದು ಕೂತೆ. ಹೊರಗೆ ಚಪ್ಪಾಳೆ ಕೇಳಿಸುತ್ತಿತ್ತು. ನಾನು ಟೈಪ್ ಮಾಡಿದ ಹೇಳಿಕೆಯನ್ನು ಮ್ಯಾನೇಜರ್ ಓದುತ್ತಿದ್ದರು. ಪತ್ರ ನಾಲ್ಕು ಸಾಲಿನದು: ಹೆಸರು, ಕೆಲಸಕ್ಕೆ ಸೇರಿದ ವರ್ಷ, ಮೇಲಿನ ಫೋಟೊ ಅವರದ್ದೇ ಎಂಬ ದೃಢೀಕರಣ, ದಯವಿಟ್ಟು ಸಹಕರಿಸಿ ಎಂಬ ಕೋರಿಕೆ. ಫೋಟೊ ಅಂಟಿಸಿ ಮುದ್ರೆ ಒತ್ತುವುದೂ ಸೇರಿ ಹತ್ತು ನಿಮಿಷ ಹಿಡಿಯಲಿಲ್ಲ. ಅವಳು ಕೈ ಒರೆಸಿಕೊಂಡು ಬಂದು ಪಕ್ಕದಲ್ಲಿ ನಿಂತಳು. ಬೈದಾಳೇನೋ ಎಂದು ಕಾದೆ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಅವಳು ಪತ್ರವನ್ನೇ ನೋಡುತ್ತಿದ್ದಳು.

ಸಹಿ ಹಾಕಿದೆ. ಅದರ ಕೆಳಗೆ ತಾರೀಕು ಬರೆಯುವ ಜಾಗದಲ್ಲಿ ಪೆನ್ನು ನಿಂತಿತು. ಅವಳ ಅಮ್ಮ ತೀರಿಕೊಂಡು ಹದಿನಾರು ತಿಂಗಳಾಗಿತ್ತು. ನಾನು ಆವತ್ತಿನ ತಾರೀಕು ಬರೆದೆ.